‘ಸ್ಟಾಪ್’ ಅಂದರೆ ‘ಷ್ಟಾಪ್’ ಆಗ್ತದೆ, ನಾಲಗೆ ಎಲ್ಲಿಡಬೇಕು?

ಪ್ರಶ್ನೆ (ಕಾಸರಗೋಡಿನ ಬದಿಯಡ್ಕದಿಂದ): ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಸ್ಟಾಪ್, ಸ್ಟೇಷನ್ ಎಲ್ಲ ‘ಷ್ಟಾಪ್’, ‘ಷ್ಟೇಷನ್’. ಸಕಾರ ಒತ್ತಿ ಹೇಳಿದರೆ ‘ಇಸ್ಟಾಪ್’. ‘ಮಂತ್ಸ್’ (ತಿಂಗಳುಗಳು) ಅಂತೂ ಬಾಯಿಗೇ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ತಪ್ಪು ಸಕಾರದ್ದಲ್ಲ, ಟಕಾರದ್ದು. ನಮ್ಮ ಟ ಹೇಳಲು ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಸ ಮುಗಿಯುವ ಮೊದಲೇ ಅದು ಮಡಚಲು ಹೊರಟರೆ ಸ ಹೋಗಿ ಷ ಆಗುತ್ತದೆ. ಕಷ್ಟ, ಇಷ್ಟ ಹೇಳಿ ರೂಢಿಯಾದ ಬಾಯಿ ತಾನೆ! ಇಂಗ್ಲಿಷಿನ ಟ ಇರುವುದು ಮೇಲಿನ ಹಲ್ಲುಗಳ ಹಿಂದಿನ ವಸಡಿನ ಉಬ್ಬಿನಲ್ಲಿ, ನಮ್ಮ ತ ಮತ್ತು ಟ ಎರಡರ ನಡುವೆ.

ಕಾಸರಗೋಡಿನವರಿಗೆ ಆ ಜಾಗ ಹೊಸದಲ್ಲ. ಮಲಯಾಳದ ಪತ್ತಿ (ಹೆಡೆ), ಪಟ್ಟಿ (ನಾಯಿ), ಪಱ್ಱಿ (ಕುರಿತು) ಒಂದರ ಹಿಂದೊಂದು ಹೇಳಿ. ಮೂರನೆಯದನ್ನು ಬರೆಯಲು ಕನ್ನಡದಲ್ಲಿ ಈಗ ಅಕ್ಷರವಿಲ್ಲ, ಹಳೆಯ ಱ ಹಾಕಿದ್ದೇನೆ. ರ ಎಂದು ಓದಬೇಡಿ. ಅದನ್ನು ಹೇಳುವಾಗ ನಾಲಗೆ ತಾಗುವ ಜಾಗವೇ ಇಂಗ್ಲಿಷಿನ ಟ.

ಈಗ ‘ಸ್ಸ್ಸ್’ ಎಂದು ಎಳೆಯಿರಿ. ನಾಲಗೆ ಆಗಲೇ ಉಬ್ಬಿನ ಹತ್ತಿರ ಇದೆ, ಗಾಳಿಗೆ ಸಣ್ಣ ಸಂದು ಮಾತ್ರ ಬಿಟ್ಟಿದೆ. ಆ ಸಂದನ್ನು ಮುಚ್ಚಿ ತೆರೆಯಿರಿ, ಅಷ್ಟೇ. ತುದಿಯನ್ನು ಮಡಚಬೇಡಿ. ಬಾಯೆದುರು ತೆಳು ಕಾಗದ ಹಿಡಿದು ಪರೀಕ್ಷಿಸಬಹುದು: ಇಂಗ್ಲಿಷರ ‘ಟಾಪ್’ಗೆ ಕಾಗದ ಹಾರಬೇಕು, ‘ಸ್ಟಾಪ್’ಗೆ ಹಾರಬಾರದು.

‘ಇ’ ಸೇರುವುದು ಸಕಾರಕ್ಕಿಂತ ಮೊದಲೇ ಗಂಟಲು ದನಿ ಹೊರಡಿಸುವುದರಿಂದ. ಗಂಟಲ ಮೇಲೆ ಬೆರಳಿಡಿ. ಸ ಮುಗಿಯುವವರೆಗೆ ನಡುಕ ಸಿಗಬಾರದು. ‘ಬಸ್‌ಸ್ಟಾಪ್’ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಅದನ್ನೇ ಹೇಳುತ್ತ ‘ಬ’ವನ್ನು ಮನಸ್ಸಲ್ಲೇ ನುಂಗಿ.

ಇನ್ನೊಂದು ಉತ್ತರ: ‘ಮಂತ್ಸ್’ನಲ್ಲಿ ತ ಎಂದು ಮುಚ್ಚಿದರೆ ಕೆಟ್ಟಿತು. ‘ದಂತ’ದ ನಕಾರದಂತೆ ತುದಿಯನ್ನು ಹಲ್ಲಿಗೇ ಇಟ್ಟು ಶುರು ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಬಿಡಿ, ಬಿಡುತ್ತಲೇ ನಾಲಗೆಯನ್ನು ಉಬ್ಬಿನತ್ತ ಜಾರಿಸಿದರೆ ಸ ಬಂತು. ಅವಸರದಲ್ಲಿ ಇಂಗ್ಲಿಷರೇ ‘ಮನ್ಟ್ಸ್’ ಅನ್ನುತ್ತಾರೆ, ‘ಕ್ಲೋದ್ಸ್’ ಅನ್ನು ‘ಕ್ಲೋಝ್’ ಮಾಡುತ್ತಾರೆ. ಇದಕ್ಕೆ ತಲೆ ಕೆಡಿಸಿಕೊಳ್ಳುವ ಬದಲು ‘ಟೆಸ್ಟು’, ‘ಲಿಸ್ಟು’ಗಳ ಕೊನೆಯ ಉಕಾರ ತೆಗೆಯಿರಿ. ಕೇಳುವವರ ಕಿವಿಗೆ ಮೊದಲು ಬೀಳುವುದು ಅದು.

ಪ್ರಶ್ನಿಸಿದವರು: ಱ್ಱ ಉಪಾಯ ಹಿಡಿಯಿತು. ‘ಟ್ರೈನ್’ಗೂ ಅದೇ ಜಾಗವೇ?

ಉತ್ತರ: ಉಬ್ಬಿನ ಹಿಂಬದಿ, ಒಂದು ಕೂದಲೆಳೆ ಹಿಂದೆ. ಆಮೇಲಿನ ರಕಾರಕ್ಕೆ ನಾಲಗೆ ಎಲ್ಲೂ ತಾಗಬಾರದು, ತುಟಿ ಸ್ವಲ್ಪ ದುಂಡಗಿರಲಿ. ‘ಚ್ರೈನ್’ ಎಂದಂತೆ ಕೇಳಿದರೆ ಗಾಬರಿಯಾಗಬೇಡಿ, ಸರಿಯಾಗಿಯೇ ಇದೆ.