ಊಟ ಮುಗಿದರೂ ಹಸಿವು ತೀರದ ಹುಡುಗ

ಪ್ರಶ್ನೆ (ಒಬ್ಬ ತಾಯಿ, ಚನ್ನರಾಯಪಟ್ಟಣ):
ಡಾಕ್ಟರೇ, ನಮಸ್ಕಾರ. ಮಗನಿಗೆ 15 ವರ್ಷ, ಹತ್ತನೇ ತರಗತಿ. ಎತ್ತರ 165 ಸೆಂ.ಮೀ., ತೂಕ 84 ಕೆ.ಜಿ. ರಾತ್ರಿ ಎರಡು ಮುದ್ದೆ ಉಂಡು ಎದ್ದವನು ಅರ್ಧ ಗಂಟೆಗೆಲ್ಲ ಬಿಸ್ಕತ್ತಿನ ಡಬ್ಬಿ ತೆರೆಯುತ್ತಾನೆ. ಟ್ಯೂಷನ್ ಮುಗಿಸಿ ಬರುವಾಗ ಬೇಕರಿಯಲ್ಲಿ ಪಫ್ಸ್, ತಂಪು ಪಾನೀಯ. ಬೈದರೆ ಅಳುತ್ತಾನೆ. ಥೈರಾಯ್ಡ್ ಇರಬೇಕು ಎಂದು ಅತ್ತೆ ಹೇಳುತ್ತಾರೆ, ಬಾಯಿಚಪಲ ಎಂದು ನಮ್ಮ ಯಜಮಾನರು. ಕುತ್ತಿಗೆಯ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಉತ್ತರ (ಮಕ್ಕಳ ವೈದ್ಯೆ, ಹಾಸನ):
ಅಮ್ಮ, ಮೊದಲು ಆ ಕುತ್ತಿಗೆಯನ್ನು ಉಜ್ಜುವುದನ್ನು ನಿಲ್ಲಿಸಿ. ಅದು ಕೊಳೆಯಲ್ಲ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ, ಆಗ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದೆ. ಹರೆಯದಲ್ಲಿ ಎಲ್ಲ ಮಕ್ಕಳಲ್ಲೂ ಇನ್ಸುಲಿನ್‌ನ ಪ್ರಭಾವ ಸ್ವಲ್ಪ ಮಂದವಾಗುವುದುಂಟು. ಅದರ ಮೇಲೆ ತೂಕವೂ ಸೇರಿದರೆ ಹೊರೆ ಹೆಚ್ಚು. ಥೈರಾಯ್ಡ್ ಕೊರತೆಯಿದ್ದರೆ ಸಾಮಾನ್ಯವಾಗಿ ಮಕ್ಕಳ ಎತ್ತರವೂ ಕುಂಠಿತವಾಗುತ್ತದೆ. ನಿಮ್ಮ ಮಗನ ಎತ್ತರ ವಯಸ್ಸಿಗೆ ತಕ್ಕಂತೆಯೇ ಇದೆ, ಆದ್ದರಿಂದ ನನಗೆ ಆ ಅನುಮಾನ ಕಡಿಮೆ.

ಬಾಯಿಚಪಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ದಾಸ್ತಾನು ಸಾಕಷ್ಟಿದೆ ಎಂದು ಮೆದುಳಿಗೆ ತಿಳಿಸುತ್ತವೆ. 1994ರಲ್ಲಿ ಇದು ಪತ್ತೆಯಾದಾಗ, ಚುಚ್ಚುಮದ್ದಾಗಿ ಕೊಟ್ಟರೆ ಬೊಜ್ಜು ಕರಗೀತು ಎಂಬ ಆಸೆ ಹುಟ್ಟಿತ್ತು. ಆದರೆ ಬೊಜ್ಜಿರುವ ಬಹುಪಾಲು ಜನರಲ್ಲಿ ಲೆಪ್ಟಿನ್ ಮೊದಲೇ ಹೆಚ್ಚಿರುತ್ತದೆ. ಬಾಗಿಲು ತಟ್ಟುವವರು ತಟ್ಟುತ್ತಲೇ ಇದ್ದರೂ ಒಳಗಿನವರಿಗೆ ಕೇಳಿಸದ ಸ್ಥಿತಿ ಅದು. ನಿಮ್ಮ ಮಗ ಹಸಿವು ಎಂದಾಗ ಸುಳ್ಳು ಹೇಳುತ್ತಿಲ್ಲ.

ಇನ್ನು ಬೇಕರಿ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಹರೆಯದವರಿಗೆ ಸಕ್ಕರೆಯ ಪಾನೀಯ ಕುಡಿಸಿ ಮೆದುಳಿನ ರಕ್ತಸಂಚಾರವನ್ನು ನೋಡಿದರು. ತೆಳ್ಳಗಿನ ಮಕ್ಕಳಲ್ಲಿ ಹಣೆಯ ಹಿಂದಿನ ಭಾಗಕ್ಕೆ, ಅಂದರೆ ಯೋಚಿಸಿ ತಡೆಯುವ ಭಾಗಕ್ಕೆ, ರಕ್ತ ಹೆಚ್ಚು ಹರಿಯಿತು. ಸ್ಥೂಲಕಾಯದ ಮಕ್ಕಳಲ್ಲಿ ಅಲ್ಲಿ ಕಡಿಮೆಯಾಗಿ, ಆಸೆ ಮತ್ತು ಹಸಿವಿನ ಭಾಗಗಳಲ್ಲಿ ಹೆಚ್ಚಾಯಿತು. ಆ ತಡೆಯುವ ಭಾಗ ಪೂರ್ತಿ ಬಲಿಯಲು ಯಾರಿಗಾದರೂ ಇಪ್ಪತ್ತರ ಹರೆಯ ಅರ್ಧ ಕಳೆಯಬೇಕು. ಬೇಕರಿಗಳಿಗೇ ಹೆಸರಾದ ಜಿಲ್ಲೆ ನಮ್ಮದು. ಸಂಜೆ ಬಿಸಿ ಪಫ್ಸ್‌ನ ಪರಿಮಳದ ಮುಂದೆ ನಿಂತ ಹುಡುಗನಿಂದ ದೊಡ್ಡವರ ಸಂಯಮವನ್ನು ನಿರೀಕ್ಷಿಸುವುದು ಅನ್ಯಾಯ.

ತಾಯಿ:
ಹಾಗಾದರೆ ರಾತ್ರಿ ಊಟ ಬಿಡಿಸಲೇ? ಪರೀಕ್ಷೆಗೆಂದು ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತೇವೆ. ಅವನು ಮಲಗುವುದು ಹನ್ನೊಂದೂವರೆಗೆ.

ವೈದ್ಯೆ:
ಬೇಡ ಅಮ್ಮ, ಖಂಡಿತ ಬೇಡ. ಮಗನ ಹಸಿವಿನ ಅರ್ಧ ಉತ್ತರ ನಿಮ್ಮ ಎರಡನೆಯ ವಾಕ್ಯದಲ್ಲೇ ಇರಬಹುದು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅವನಿಗೆ ಐದೇ ಸಿಗುತ್ತಿದೆ. ಹೊಟ್ಟೆಯಲ್ಲಿ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ನಿದ್ದೆಗೆಟ್ಟಾಗ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ. ಹತ್ತಕ್ಕೆ ಮಲಗಿಸಿ, ಆರಕ್ಕೆ ಎಬ್ಬಿಸಿ. ಮುದ್ದೆ ಒಂದಿರಲಿ, ಹುರುಳಿಸಾರು, ಸೊಪ್ಪು, ಮೊಟ್ಟೆ ಜಾಸ್ತಿಯಿರಲಿ. ಟ್ಯೂಷನ್‌ಗೆ ಹೊರಡುವ ಮೊದಲೇ ಬೇಯಿಸಿದ ಕಡಲೆ, ಮಜ್ಜಿಗೆ ಕೊಡಿ. ಬಿಸ್ಕತ್ತಿನ ಡಬ್ಬಿ ಅವನೊಬ್ಬನಿಗಲ್ಲ, ಅಜ್ಜಿಯೂ ಸೇರಿ ಮನೆಯವರೆಲ್ಲರಿಗೂ ಖಾಲಿಯಾಗಲಿ.

ಮತ್ತೊಬ್ಬ ಸದಸ್ಯರು (ಸಕಲೇಶಪುರ):
ತೂಕ ಇಳಿಸುವ ಚುಚ್ಚುಮದ್ದು ಬಂದಿದೆಯಂತಲ್ಲ ಮೇಡಂ, ಮಕ್ಕಳಿಗೂ ಕೊಡುತ್ತಾರೆಯೇ?

ವೈದ್ಯೆ:
ಊಟದ ನಂತರ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ತೃಪ್ತಿಯ ಹಾರ್ಮೋನನ್ನು ಅನುಕರಿಸುವ ಔಷಧ ಅದು. ಅಮೆರಿಕದಲ್ಲಿ 2022ರಲ್ಲಿ ಸ್ಥೂಲಕಾಯವಿರುವ, 12 ವರ್ಷ ತುಂಬಿದ ಮಕ್ಕಳಿಗೆ ಸೆಮಾಗ್ಲುಟೈಡ್ ನೀಡಲು ಅನುಮತಿ ಕೊಟ್ಟರು. ಹಾಗೆಂದು ಯಾರದೋ ಮಾತು ಕೇಳಿ ಔಷಧದಂಗಡಿಯಿಂದ ತಂದು ಚುಚ್ಚಿಸಬೇಡಿ. ತಜ್ಞರು ನೋಡಿ ನಿರ್ಧರಿಸಬೇಕಾದದ್ದು.

ಚನ್ನರಾಯಪಟ್ಟಣದ ಅಮ್ಮನಿಗೆ ಮತ್ತೊಂದು ಮಾತು: ಬರಿಹೊಟ್ಟೆಯಲ್ಲಿ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್, ಯಕೃತ್ತಿನ ಪರೀಕ್ಷೆ ಮಾಡಿಸಿ. ಅತ್ತೆಯವರ ಸಮಾಧಾನಕ್ಕೆ ಥೈರಾಯ್ಡ್ ಕೂಡ ಇರಲಿ. ರಕ್ತದೊತ್ತಡವನ್ನೂ ನೋಡಿಸಿ.

ತಾಯಿ:
ನಾಳೆಯೇ ಹೋಗುತ್ತೇವೆ. ಕುತ್ತಿಗೆ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು ಡಾಕ್ಟರೇ, ಈಗಷ್ಟೇ ಕೊಬ್ಬರಿ ಎಣ್ಣೆ ಹಚ್ಚಿದೆ. ನೀವು ಬರೆದದ್ದನ್ನು ಅವರ ಅಪ್ಪನಿಗೂ ಓದಿ ಹೇಳಿದ್ದೇನೆ.