800 ಮೀಟರ್ ವೀಸಲ್ ಲೈನ್, ತುದಿಯಲ್ಲಿ 355 ವೋಲ್ಟ್: ರ್ಯಾಬಿಟ್ ತಂತಿ ಎಳೆಸಿದರೆ ಸಾಕೇ?

ಪ್ರಶ್ನೆ
ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) 800 ಮೀಟರ್ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನ್, ಪೂರ್ತಿ ವೀಸಲ್ ಎಂಬ ತೆಳು ಅಲ್ಯೂಮಿನಿಯಂ ತಂತಿ. ಕೊನೆಯ ಕಂಬದಿಂದ 10 ಎಚ್‌ಪಿಯ ಮೂರು ಪಂಪ್‌ಸೆಟ್. ಮೂರೂ ಓಡುವಾಗ ಟಿಸಿ ಹತ್ತಿರ 415 ವೋಲ್ಟ್, ಸ್ಟಾರ್ಟರ್ ಹತ್ತಿರ 355. ಮೋಟರ್ ಬಿಸಿಯಾಗುತ್ತದೆ, ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ. ತಂತಿ ಬದಲಿಸಿ ಅದಕ್ಕಿಂತ ದಪ್ಪದ ರ್ಯಾಬಿಟ್ ಹಾಕಿಸಿದರೆ ಸರಿಹೋಗುತ್ತದೆಯೇ ಸರ್?

ಉತ್ತರ 1
ಸಮಸ್ಯೆ ಪೂರ್ತಿ ಹೋಗುವುದಿಲ್ಲ. 10 ಎಚ್‌ಪಿ ಮೋಟರ್ ಸುಮಾರು 15 ಆಂಪಿಯರ್ ಎಳೆಯುತ್ತದೆ, ಮೂರಕ್ಕೆ 45. 20 ಡಿಗ್ರಿಯಲ್ಲಿ ವೀಸಲ್‌ನ ರೆಸಿಸ್ಟೆನ್ಸ್ ಕಿಲೋಮೀಟರಿಗೆ 0.93 ಓಮ್, ರ್ಯಾಬಿಟ್‌ದು 0.55. ಆದರೆ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿಯ ಕಾಂತಕ್ಷೇತ್ರ ಒಡ್ಡುವ ತಡೆ) ಎರಡಕ್ಕೂ ಕಿಲೋಮೀಟರಿಗೆ ಹೆಚ್ಚುಕಡಿಮೆ 0.3 ಓಮ್. ಅದು ಮುಖ್ಯವಾಗಿ ತಂತಿಗಳ ನಡುವಿನ ಅಂತರದ ಮೇಲೆ ನಿಂತಿದೆ, ದಪ್ಪ ತಂತಿ ಎಳೆದ ಮಾತ್ರಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದರೆ ವೀಸಲ್‌ನಲ್ಲಿ ಫೇಸಿಗೆ 33 ವೋಲ್ಟ್ ಡ್ರಾಪ್ (ಇಳಿತ), ಫೇಸ್-ಫೇಸ್ ನಡುವೆ 57. ನಿಮ್ಮ ಮೀಟರ್ ತೋರಿಸಿದ್ದಕ್ಕೆ ಹತ್ತಿರವೇ ಇದೆ. ರ್ಯಾಬಿಟ್ ಹಾಕಿದರೆ 39, ತುದಿಯಲ್ಲಿ 376. ವೋಲ್ಟೇಜ್ ಶೇ 6ಕ್ಕಿಂತ ಹೆಚ್ಚು ಇಳಿಯಬಾರದೆಂಬ ಮಿತಿಗೆ 390 ಬೇಕು. ಬೇಸಿಗೆಯಲ್ಲಿ ತಂತಿ 55 ಡಿಗ್ರಿಗೆ ಕಾದರೆ ರೆಸಿಸ್ಟೆನ್ಸ್ ಇನ್ನೂ ಶೇ 14 ಏರುತ್ತದೆ.

ಉತ್ತರ 2
ಮೊದಲು ಕೆಪಾಸಿಟರ್ ಹಾಕಿಸಿ, ಖರ್ಚು ಕಡಿಮೆ. ಪ್ರತಿ ಮೋಟರಿಗೆ 4 ಕೆವಿಎಆರ್ (ಕೆಪಾಸಿಟರ್ ಅಳತೆ), ಮೋಟರ್ ಜೊತೆಗೇ ಆನ್-ಆಫ್ ಆಗುವಂತೆ. ಇದು ಪವರ್ ಫ್ಯಾಕ್ಟರ್ ಏರಿಸುವುದರಿಂದ ಕರೆಂಟ್ 45 ಆಂಪಿಯರ್‌ನಿಂದ 38ಕ್ಕೆ ಇಳಿಯುತ್ತದೆ. ಅದನ್ನು ಟಿಸಿ ಬುಡದಲ್ಲಿ ಹಾಕಿದರೆ ಲೈನಿನ ಡ್ರಾಪಿಗೆ ಪ್ರಯೋಜನವಿಲ್ಲ, ಪಂಪಿನ ಹತ್ತಿರವೇ ಇರಬೇಕು. ಇಷ್ಟಾದರೂ ವೀಸಲ್‌ನಲ್ಲಿ 51, ರ್ಯಾಬಿಟ್‌ನಲ್ಲಿ 32 ವೋಲ್ಟ್ ಡ್ರಾಪ್ ಉಳಿಯುತ್ತದೆ.

ಹಾಗಾಗಿ ನಿಜವಾದ ಪರಿಹಾರ 11 ಕೆವಿ ಲೈನನ್ನೇ ಪಂಪಿನವರೆಗೆ ತಂದು ಅಲ್ಲಿ 63 ಕೆವಿಎ ಟಿಸಿ ನಿಲ್ಲಿಸುವುದು. ಲೋಡ್ 32 ಕೆವಿಎ ಆಗುವುದರಿಂದ 25 ಕೆವಿಎ ಟಿಸಿ ಸಾಲದು. ಇದೇ ಲೋಡಿಗೆ 11 ಕೆವಿಯಲ್ಲಿ 1.7 ಆಂಪಿಯರ್ ಸಾಕು, ಅದೇ ವೀಸಲ್ ತಂತಿಯಲ್ಲಿ 800 ಮೀಟರಿಗೆ ಡ್ರಾಪ್ ಬರೀ 2 ವೋಲ್ಟ್! ರ್ಯಾಬಿಟ್‌ಗೆ ದುಡ್ಡು ಸುರಿಯುವ ಮುನ್ನ ಇದರ ಎಸ್ಟಿಮೇಟ್ ಕೇಳಿ.

ಉತ್ತರ 3
ಮೂರೂ ಫೇಸ್ ಬೇರೆಬೇರೆ ಅಳೆದಿದ್ದೀರಾ? ಮೂರರಲ್ಲೂ ಸಮನಾಗಿ ಇಳಿದಿದ್ದರೆ ಮಾತ್ರ ತಂತಿಯ ದೋಷ. ಒಂದೇ ಫೇಸ್ ಕುಸಿದಿದ್ದರೆ ಜಂಪರ್ (ತಂತಿಗಳನ್ನು ಸೇರಿಸುವ ತುಂಡು ತಂತಿ) ಅಥವಾ ಜಾಯಿಂಟ್ ಸಡಿಲ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರೆಂಟ್ ಬಿಡುವುದಿಲ್ಲ. ವೈರ್ ಬ್ರಷ್‌ನಿಂದ ಉಜ್ಜಿ, ಗ್ರೀಸ್ ಹಚ್ಚಿ, ಪಿಜಿ ಕ್ಲ್ಯಾಂಪ್ (ಎರಡು ತಂತಿಗಳನ್ನು ಜೋಡಿಸಿ ಹಿಡಿಯುವ ಕ್ಲ್ಯಾಂಪ್) ಬಿಗಿಯಬೇಕು. ಸರ್ವಿಸ್ ವೈರ್ ತಾಮ್ರದ್ದಾದರೆ ಅಲ್ಯೂಮಿನಿಯಂ ಮೇಲೆ ನೇರವಾಗಿ ಸುತ್ತಬಾರದು, ಮಳೆ ನೀರು ಸೇರಿ ಅಲ್ಯೂಮಿನಿಯಂ ಸವೆಯುತ್ತದೆ. ತಾಮ್ರ-ಅಲ್ಯೂಮಿನಿಯಂ ಎರಡಕ್ಕೂ ಹೊಂದುವ ಬೈಮೆಟಲ್ ಕ್ಲ್ಯಾಂಪ್ ಬೇಕು. ಈ ಕೆಲಸವನ್ನು ಲೈನ್‌ಮನ್ ಲೈನ್ ಕ್ಲಿಯರ್ (ಕರೆಂಟ್ ಕಡಿತದ ಅನುಮತಿ) ತೆಗೆದುಕೊಂಡೇ ಮಾಡಬೇಕು, ನೀವು ಕಂಬ ಹತ್ತಬೇಡಿ.

ಅಲ್ಲಿಯವರೆಗೆ ಮೂರೂ ಪಂಪ್ ಒಟ್ಟಿಗೆ ಓಡಿಸಬೇಡಿ. 355 ವೋಲ್ಟ್‌ನಲ್ಲಿ ಮೋಟರಿನ ಟಾರ್ಕ್ ಶೇ 73ಕ್ಕೆ ಇಳಿದಿರುತ್ತದೆ. ರಿಲೇ ಸೆಟ್ಟಿಂಗ್ ಏರಿಸಿದರೆ ಮುಂದೆ ಸುಡುವುದು ವೈಂಡಿಂಗ್.