ಟೈಮೆನ್ ಮೀನಿಗೆ ಮಂಗೋಲಿಯಾ: ಯಾವ ತಿಂಗಳು, ಯಾವ ರಾಡ್?

ಪ್ರಶ್ನೆ (ಗಾಳದಣ್ಣ): ಮುಂದಿನ ವರ್ಷ ಮಂಗೋಲಿಯಾಗೆ ಫ್ಲೈ ಫಿಶಿಂಗ್‌ಗೆ (ಫ್ಲೈ ಎಂಬ ಹಗುರ ನಕಲಿ ಎರೆ ಎಸೆದು ಮೀನು ಹಿಡಿಯುವುದು) ಹೋಗುವ ಆಸೆ, ಸಾಲ್ಮನ್ ಕುಟುಂಬದ ಟೈಮೆನ್ ಹಿಡಿಯಬೇಕು. ಇಲ್ಲಿವರೆಗೆ ಟ್ರೌಟ್ ಮಾತ್ರ ಗೊತ್ತು. 6 ವೇಯ್ಟ್ ರಾಡ್ (ಅಂಕಿ ದೊಡ್ಡದಾದಷ್ಟು ರಾಡ್ ಬಲವಾದದ್ದು) ಸಾಕಾ?

ಹೊಳೆದಂಡೆ: ಸಾಲದು. ಟೈಮೆನ್ ಒಂದು ಮೀಟರ್ ದಾಟಿ ಬೆಳೆಯುವ ಮೀನು, ಅಲ್ವಾ? 8 ಅಥವಾ 9 ವೇಯ್ಟ್ ಬೇಕು. ಈಜುವ ಇಲಿಯಂತೆ ಕಾಣುವ ದೊಡ್ಡ ಫ್ಲೈಗಳನ್ನು ಜಾಸ್ತಿ ಒಯ್ಯಿರಿ. ನಾನು ಸೆಪ್ಟೆಂಬರಿನಲ್ಲಿ ಹೋಗಿದ್ದೆ, ನೀರು ತಿಳಿಯಾಗಿತ್ತು, ಆದರೆ ಬೆಳಿಗ್ಗೆ ರಾಡಿನ ಬಳೆಗಳಲ್ಲೆಲ್ಲ ಮಂಜುಗಡ್ಡೆ ಕಟ್ಟಿ ಲೈನೇ ಓಡುತ್ತಿರಲಿಲ್ಲ. ಆರು ದಿನಕ್ಕೆ ಎರಡೇ ಮೀನು.

ಸುಮ್ನೆಓದುಗ: ಎರಡೇ?! ಅಷ್ಟು ದುಡ್ಡಿಗೆ?

ಹೊಳೆದಂಡೆ: ಹೌದು, ಮತ್ತೆ ಹೋಗುತ್ತೇನೆ.

ಕಲ್ಲುಮೀನು: ಪರ್ಮಿಟ್ ಮೊದಲೇ ಮಾಡಿಸಿ. ಮುಳ್ಳಿಲ್ಲದ ಒಂಟಿ ಗಾಳ ಒಯ್ಯಿರಿ, ಹಿಡಿದ ಟೈಮೆನ್ ಬಿಡಲೇಬೇಕು. ನಿಧಾನವಾಗಿ ಬೆಳೆಯುವ ಮೀನು ಅದು. ವಾಪಸಾಗುವಾಗ ರಾಜಧಾನಿ ಉಲಾನ್‌ಬಾತರ್‌ನಲ್ಲಿ ಎರಡು ದಿನ ಖಾಲಿ ಇಡಿ, ಮಳೆ ಬಂದರೆ ಮಣ್ಣುದಾರಿ ಕೈಕೊಡುತ್ತದೆ.